ಹಿಂದಿನ ಅಚ್ಚಿಗೆ ಹಾಕಿದ ಕೊಸರು

ನೂರಾ ನಲವತ್ತು ನಂಬರಿನ ಗೇರ್ ಎಣ್ಣೆಯನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ನಮ್ಮ ಬಚ್ಚಲುಮನೆಯಲ್ಲಿ. ಎಪ್ಪತ್ತರ ದಶಕದ ಕೊನೆಯ ಮಾತು. ಜ್ಯೇಷ್ಠ ಮಾಸ ಮುಗಿಯುತ್ತ ಬಂದಿತ್ತು, ಪುಣೆಯಲ್ಲಿ ಜಿಟಿಜಿಟಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಯಜಮಾನರು ನಾನಾ ಪೇಟೆಗೆ ಹೋಗಿ, ಪೀಪಾಯಿಯಿಂದ ಬಿಡಿಯಾಗಿ ಮಾರುವ ಎಣ್ಣೆಯನ್ನು ತುಪ್ಪದ ಹಳೆಯ ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದಿದ್ದರು. ಡಬ್ಬಿಯನ್ನು ವಾರೆ ಮಾಡಿ ತೋರಿಸಿದರು. ಎಣ್ಣೆ ಅಲುಗಲಿಲ್ಲ. ಆಮೇಲೆ ಅದರ ಒಂದು ಅಂಚು, ಎದ್ದು ಬರಲು ಮನಸ್ಸಿಲ್ಲದವರ ಹಾಗೆ, ನಿಧಾನವಾಗಿ ಮುಂದಕ್ಕೆ ಸರಿಯಿತು.

“ಇದು ಎಣ್ಣೀನೋ, ಜೋನಿಬೆಲ್ಲನೋ?” ಎಂದೆ.

“ಬೆಲ್ಲ ಅಂತ ನೆಕ್ಕಿಗಿಕ್ಕೀ. ಇದು ಬಿಸಿ ಆಗ್ಬೇಕು, ಇಲ್ಲಾಂದ್ರ ಒಳಗ ಇಳಿಯೂದಿಲ್ಲ. ನೀರು ಕಾಯಸು. ಸೀದಾ ಒಲಿ ಮ್ಯಾಲೆ ಇಡಬ್ಯಾಡ ಮತ್ತ, ಮನಿ ಸುಟ್ಟೀತು.”

ಕೊಬ್ಬರಿ ಎಣ್ಣೆ ಗಟ್ಟಿಯಾದಾಗ ಏನು ಮಾಡುತ್ತೇವೋ ಅದೇ ಮಾಡಿದೆ. ಬಕೀಟಿನಲ್ಲಿ ಕುದಿನೀರು ಹಾಕಿ ಡಬ್ಬಿಯನ್ನು ಅದರಲ್ಲಿ ಕೂಡಿಸಿದೆ. ಮನೆತುಂಬ ಸುಟ್ಟ ರಬ್ಬರಿನಂಥ ವಾಸನೆ. ದೇವರ ಕೋಣೆಯಿಂದ ಅತ್ತೆಯವರ ದನಿ ಬಂತು.

“ಏನ್ ಕುದಸಾಕತ್ತೀರ್ವಾ ಅಲ್ಲೆ?”

“ಗಾಡೀದು ಎಣ್ಣಿ ಅತ್ತಿ.”

“ಹಂಗಾದ್ರ ಕುದೀಲಿ,” ಎಂದರು. ಬೇರೆ ಯಾವುದಾದರೂ ಆಗಿದ್ದರೆ ಅವರು ಮೂಗಿಗೆ ಸೆರಗು ಹಿಡಿದು ಹೊರಗೆ ಬಂದು ನನ್ನನ್ನು ನಿಲ್ಲಿಸಿ ಮಾತಾಡುತ್ತಿದ್ದರು. ಅಂಥ ಮಡಿಯ ಹೆಂಗಸು. ಆದರೆ ಆ ಎಣ್ಣೆಯ ಮೇಲೆ ಅವರದೇ ಕೆಲಸ ನಿಂತಿತ್ತು.

ಗಾಡಿ ಎಂದರೆ ಹಳೆಯ ಕಾರು, ನಮ್ಮ ಮಾವನವರದು. ಮಿಲಿಟರಿಯ ಲೆಕ್ಕಪತ್ರದ ಆಫೀಸಿನಲ್ಲಿ ಕಾರಕೂನರಾಗಿದ್ದ ಅವರು, ವಿಲಾಯತಿಗೆ ಮರಳುತ್ತಿದ್ದ ಒಬ್ಬ ಅಧಿಕಾರಿಯಿಂದ ಅದನ್ನು ಕೊಂಡಿದ್ದರಂತೆ. ಯಜಮಾನರಿಗಿಂತ ಅದಕ್ಕೆ ಎರಡು ವರ್ಷ ವಯಸ್ಸು ಹೆಚ್ಚು. ಕಪ್ಪು ಬಣ್ಣ, ಕಪ್ಪೆಗಣ್ಣಿನಂಥ ದೀಪ, ಹತ್ತಲು ಉದ್ದನೆಯ ಪಾವಟಿಗೆ. ನಾವು ಬಾಡಿಗೆಗಿದ್ದ ವಾಡೆಯ ಅಂಗಳದಲ್ಲಿ, ಹಿಂದೆ ಕುದುರೆ ಕಟ್ಟುತ್ತಿದ್ದ ಚಪ್ಪರದ ಕೆಳಗೆ ಅದು ನಿಲ್ಲುತ್ತಿತ್ತು. ಮಾವನವರು ಹೋದ ಮೇಲೆ ಎರಡು ಮಳೆಗಾಲ ಹಾಗೇ ನಿಂತಿತ್ತು. ಈಗ ಹೊರಗೆ ತೆಗೆದರೆ ಎರಡನೆಯ ಗೇರಿನಲ್ಲಿ ಹಸಿದ ಬೆಕ್ಕಿನಂತೆ ಅಳುತ್ತಿತ್ತು. ಘಾಟು ಹತ್ತಬೇಕಾದರೆ ಗೇರ್‌ಬಾಕ್ಸಿನ ಎಣ್ಣೆಯನ್ನೂ ಹಿಂದಿನ ಅಚ್ಚಿನ ಎಣ್ಣೆಯನ್ನೂ ಬದಲಿಸಲೇಬೇಕು ಎಂದು ಯಜಮಾನರು ತೀರ್ಮಾನಿಸಿದ್ದರು. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಅವರದು, ಇಂಥದ್ದಕ್ಕೆ ಗ್ಯಾರೇಜಿಗೆ ಹೋಗುವ ಮನುಷ್ಯರಲ್ಲ.

ಹತ್ತಬೇಕಾಗಿದ್ದು ದಿವೆ ಘಾಟು. ಅದರ ಆಚೆ ಸಾಸವಡ. ವರ್ಷವರ್ಷ ಪಂಢರಪುರಕ್ಕೆ ನಡೆದುಹೋಗುವ ಜ್ಞಾನೇಶ್ವರ ಮಹಾರಾಜರ ಪಾಲಖಿ, ಅಂದರೆ ಪಲ್ಲಕ್ಕಿ, ಪುಣೆಯಿಂದ ಹೊರಟು, ಒಂದೇ ದಿನದಲ್ಲಿ ಆ ಘಾಟು ಹತ್ತಿ, ಸಂಜೆಗೆ ಸಾಸವಡ ಮುಟ್ಟಿ, ಅಲ್ಲಿ ಮರುದಿನವೂ ತಂಗುತ್ತದೆ. ಅತ್ತೆಯವರು ಹದಿನಾಲ್ಕು ವರ್ಷ ಆ ಒಂದು ದಿನದ ಹಾದಿಯನ್ನು ಪಾಲಖಿಯ ಜೊತೆ ನಡೆದಿದ್ದರು. ಪಂಢರಪುರದವರೆಗೆ ಹೋಗಲು ಮಾವನವರು ಒಪ್ಪುತ್ತಿರಲಿಲ್ಲ, ಸಾಸವಡದವರೆಗೆ ಬಿಡುತ್ತಿದ್ದರು. ಅಲ್ಲಿಗೇ ತೃಪ್ತಿ. ಹಾಗೆ ನಡೆಯುವಾಗ ಶಿರೂರಿನ ಕಡೆಯ ಒಬ್ಬ ಹೆಂಗಸು ಜೊತೆಯಾದಳು. ತಲೆಯ ಮೇಲೆ ಹಿತ್ತಾಳೆಯ ಸಣ್ಣ ತುಳಸಿ ಕಟ್ಟೆ ಹೊತ್ತು ನಡೆಯುವವಳು. ಆಕೆಗೆ ಕನ್ನಡ ಬಾರದು, ಅತ್ತೆಯವರ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟು ಮಾತ್ರ. ಆದರೂ ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ತಂತಮ್ಮ ಭಾಷೆಯಲ್ಲಿ ಮಾತಾಡುತ್ತ ನಡೆಯುತ್ತಿದ್ದರು. ವರ್ಷಕ್ಕೊಂದು ದಿನದ ಗೆಳೆತನ. ಆಕೆಯ ಊರಿನ ಹೆಸರು ಅತ್ತೆಯವರಿಗೆ ಸರಿಯಾಗಿ ಗೊತ್ತಿಲ್ಲ, ಇಬ್ಬರಿಗೂ ಓದು ಬರಹವಿಲ್ಲ. ಸಿಕ್ಕರೆ ಆ ಹಾದಿಯಲ್ಲಿ ಸಿಗಬೇಕು, ಇಲ್ಲದಿದ್ದರೆ ಇಲ್ಲ.

ಹಿಂದಿನ ವರ್ಷ ಅತ್ತೆಯವರ ಮೊಣಕಾಲು ಕೈಕೊಟ್ಟು ಹೋಗಲಾಗಿರಲಿಲ್ಲ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದು ಅವರಿಂದ ಸಾಧ್ಯವಿರಲಿಲ್ಲ. ಈ ವರ್ಷ ಜ್ಯೇಷ್ಠ ಹತ್ತಿರವಾದಂತೆ ಊಟ ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಹೇಳಿಯೇಬಿಟ್ಟರು.

“ಈ ವರ್ಷನೂ ಹೋಗಲಿಲ್ಲಂದ್ರ ಆಕಿ ನಾ ಸತ್ತೀನಂತ ತಿಳ್ಕೋತಾಳ. ಪಂಢರಪುರಕ್ಕ ಹೋಗಿ ಚಂದ್ರಭಾಗಾದಾಗ ನನ್ನ ಹೆಸರಿಲೆ ಎಳ್ಳುನೀರು ಬಿಟ್ಟ್ಲಂದ್ರ, ನಾ ಇಲ್ಲೆ ಜೀವಂತ ಕುಂತು ಏನ್ ಮಾಡ್ಲಿ?”

ಯಜಮಾನರು ನಕ್ಕರು. ನಾನು ನಗಲಿಲ್ಲ. ಅತ್ತೆಯವರ ಕೈ ಅಕ್ಕಿಯ ಮೇಲೆ ಸುಮ್ಮನೆ ನಿಂತಿತ್ತು. ಆ ವಾರವೇ ಗಾಡಿ ಹೊರಗೆ ಬಂತು.

ಹೊರಡುವ ಹಿಂದಿನ ದಿನ ಯಜಮಾನರು ರಜೆ ಹಾಕಿದರು. ಬೆಳಿಗ್ಗೆ ಗಾಡಿಯನ್ನು ಸ್ವಾರಗೇಟಿನವರೆಗೆ ಓಡಿಸಿಕೊಂಡು ಬಂದರು. ಒಳಗಿನ ಹಳೆಯ ಎಣ್ಣೆ ಬೆಚ್ಚಗಾದರೆ ಹೊಲಸನ್ನೂ ಎಳೆದುಕೊಂಡು ಇಳಿಯುತ್ತದಂತೆ. ಕೆಳಗೆ ಗಾರೆ ಕೆಲಸದ ಕಬ್ಬಿಣದ ಬುಟ್ಟಿ ಇಟ್ಟು, ಗೇರ್‌ಬಾಕ್ಸಿನ ತಳದ ಬಿರಡೆ ಬಿಚ್ಚಿದರು, ಆಮೇಲೆ ಹಿಂದಿನ ಅಚ್ಚಿನದನ್ನೂ. ಕರಿ ಎಣ್ಣೆ ದಪ್ಪ ಜಡೆಯಂತೆ ಇಳಿಯಿತು. ಅದರಲ್ಲಿ ಹಿತ್ತಾಳೆಯ ಸಣ್ಣ ಪುಡಿ ಮಿಣಮಿಣ ಹೊಳೆಯುತ್ತಿತ್ತು. ನನಗೆ ಚಂದ ಕಂಡಿತು, ಅವರಿಗೆ ಕಾಣಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಎಣ್ಣೆ ತಿಕ್ಕಿ ತಿಕ್ಕಿ ನೋಡಿದರು, ನಾನು ಬೆಲ್ಲದ ಪಾಕ ನೋಡುವ ಹಾಗೆಯೇ.

“ತುಣುಕು ಇಲ್ಲ, ಬರೇ ಪುಡಿ. ನಡೀತದ,” ಎಂದರು. ಪಾಂಡುರಂಗ ಒಂದು ಕಣ್ಣು ತೆರೆದಿದ್ದಾನೆ ಎಂದುಕೊಂಡೆ.

ಹೊಸ ಎಣ್ಣೆ ಹಾಕುವಾಗ ನನ್ನನ್ನು ಕರೆದರು. ಮುಂದಿನ ಚಾಪೆ ಎತ್ತಿ, ಹಲಗೆ ಸರಿಸಿ, ಗೇರ್‌ಬಾಕ್ಸಿಗೆ ಮೇಲಿನಿಂದಲೇ ಹೊಯ್ಯುವುದು. ಅಳತೆಗೆ ಒಂದು ಕಬ್ಬಿಣದ ಕಡ್ಡಿ ಇತ್ತು, ಅದರ ಗೆರೆ ಮುಟ್ಟುವವರೆಗೆ ಹಾಕಿದರು. ಆಮೇಲೆ ಹಿಂದಿನ ಅಚ್ಚು. ಎರಡು ಹಿಂದಿನ ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಗಡ್ಡೆ ಇರುತ್ತದೆ, ಅದರೊಳಗೆ ಹಲ್ಲಿನ ಚಕ್ರಗಳು. ಡಿಫರೆನ್ಶಿಯಲ್ ಎನ್ನುತ್ತಾರೆ. ನಮ್ಮ ಗಾಡಿಯಲ್ಲಿ ಹಿಂದಿನ ಗಾದಿ ಎತ್ತಿದರೆ ನೆಲದಲ್ಲಿ ಒಂದು ದುಂಡನೆಯ ಮುಚ್ಚಳ, ಅದನ್ನು ತೆಗೆದರೆ ಕೆಳಗೆ ಆ ಗಡ್ಡೆಯ ಬಾಯಿ. ಅದರ ಪಕ್ಕೆಯಲ್ಲಿ ಇನ್ನೊಂದು ಸಣ್ಣ ತೂತು. ಎಣ್ಣೆ ಆ ತೂತಿನ ಮಟ್ಟಕ್ಕೆ ಬಂದಾಗ ಹೊರಗೆ ಸೋರುತ್ತದೆ, ಆಗ ನಿಲ್ಲಿಸಬೇಕು.

“ನೀ ಮ್ಯಾಲಿಂದ ಹೊಯ್ಯಿ, ನಾ ಕೆಳಗ ನೋಡ್ತೀನಿ,” ಎಂದು ಅವರು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೊಕ್ಕರು.

ನಾನು ಸೆರಗು ಸಿಕ್ಕಿಸಿ, ಗಾಡಿಯೊಳಗೆ ಮೊಣಕಾಲೂರಿ ಕುಳಿತು ಹೊಯ್ದೆ. ಬಿಸಿಯಾದ ಎಣ್ಣೆ ಈಗ ಜೇನಿನಂತೆ ಸುರುಳಿ ಸುತ್ತಿಕೊಂಡು ಇಳಿಯುತ್ತಿತ್ತು. ನನ್ನ ಬಾಯಲ್ಲಿ ವಿಠ್ಠಲನ ಹೆಸರು. ದೀಪಕ್ಕೆ ಎಣ್ಣೆ ಹಾಕುವಾಗ ಹೇಳಿ ರೂಢಿ, ತಾನಾಗಿ ಬಂತು.

“ಸಾಕು,” ಎಂದು ಕೆಳಗಿನಿಂದ ಕೇಳಿಸಿತು. “ಬಂತು, ಬಂತು. ನಿಲ್ಲಸು.” ಸ್ವಲ್ಪ ಹೊತ್ತು ಸೋರಲು ಬಿಟ್ಟು, ಆ ಸಣ್ಣ ತೂತಿಗೆ ಬಿರಡೆ ಹಾಕಿ, ಹೊರಗೆ ಬಂದು ಕೈ ತೊಳೆಯಲು ನಲ್ಲಿಗೆ ಹೋದರು. “ಮ್ಯಾಲಿನ ಮುಚ್ಚಳ ಹಾಕಿಬಿಡು,” ಎಂದರು.

ಡಬ್ಬಿಯಲ್ಲಿ ಇನ್ನೂ ಎರಡು ಲೋಟದಷ್ಟು ಎಣ್ಣೆ ಉಳಿದಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಅಳೆದು ಕೊಟ್ಟ ಮೇಲೆ ಕೊಸರು ಹಾಕದೆ ನಮ್ಮಲ್ಲಿ ಯಾವುದೂ ಮನೆ ದಾಟುತ್ತಿರಲಿಲ್ಲ. ನೆರೆಮನೆಗೆ ಒಂದು ಬಟ್ಟಲು ಸಕ್ಕರೆ ಕೊಟ್ಟರೆ ಮೇಲೊಂದು ಚಿಟಿಕೆ. ಜೋಗಮ್ಮನಿಗೆ ಒಂದು ಬೊಗಸೆ ಜೋಳ ಹಾಕಿದರೆ ಆಮೇಲೆ ನಾಲ್ಕು ಕಾಳು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅಳತೆಗೆ ಸರಿಯಾಗಿ ಕೊಟ್ಟು ಅತ್ತೆಯವರಿಂದ ಬೈಸಿಕೊಂಡಿದ್ದೆ. “ಅಂಗಡಿಕಾರನ ಮಗಳೇನs ನೀ? ದೇವ್ರು ನಮಗ ಅಳದು ಕೊಟ್ಟಾನೇನು?” ಎಂದಿದ್ದರು. ಆ ಮೇಲೆ ಕೈ ತಾನಾಗಿ ಕಲಿತುಬಿಟ್ಟಿತು.

ಗಾಡಿ ದೇವರ ಕೆಲಸಕ್ಕೆ ಹೊರಟಿದೆ. ಎಣ್ಣೆ ತೂತಿನಿಂದ ಅಷ್ಟು ಸೋರಿಹೋಯಿತು, ಅದು ಕಡಿಮೆಯಾಯಿತಲ್ಲ ಎಂದು ನನ್ನ ತಲೆಗೆ ಬಂತು. ಸೋರಿದ್ದನ್ನು ತುಂಬಿಕೊಡೋಣ, ಮೇಲೆ ಕೊಸರೂ ಆಗಲಿ. ಡಬ್ಬಿಯನ್ನು ಬೋರಲು ಹಾಕಿ, ಕೊನೆಯ ಹನಿ ಇಳಿಯುವವರೆಗೆ ಹಿಡಿದುಕೊಂಡೆ. ಮುಚ್ಚಳ ಹಾಕಿ, ಅದಕ್ಕೆ ಕುಂಕುಮ ಹಚ್ಚಿ, ಗಾದಿ ಇಟ್ಟೆ. ಮನಸ್ಸು ತುಂಬಿತ್ತು.

ಮರುದಿನ, ಅಂದರೆ ಪಾಲಖಿ ಸಾಸವಡದಲ್ಲಿ ತಂಗುವ ಎರಡನೆಯ ದಿನ, ಬೆಳಿಗ್ಗೆ ಹೊರಟೆವು. ಮಕ್ಕಳನ್ನು ಎದುರುಮನೆಯವರು ನೋಡಿಕೊಳ್ಳುವುದಾಗಿ ಹೇಳಿದ್ದರು. ಅತ್ತೆಯವರು ಹಿಂದಿನ ಗಾದಿಯಲ್ಲಿ, ಕಾಲು ಚಾಚಿಕೊಂಡು, ಮಡಿಲಲ್ಲಿ ಶೇಂಗಾ ಉಂಡಿಯ ಡಬ್ಬಿ. ಉಪವಾಸವಿದ್ದರೂ ನಡೆಯುತ್ತದೆ, ಗೆಳತಿಗೆ ಹಲ್ಲಿಲ್ಲ ಎಂದು ನುಣ್ಣಗೆ ಕುಟ್ಟಿ ತಾವೇ ಕಟ್ಟಿದ್ದು. ಪಕ್ಕದಲ್ಲಿ ಅವರ ಮಡಿಯ ತಂಬಿಗೆ, ಅದರ ನೀರನ್ನು ಬೇರೆಯವರು ಮುಟ್ಟುವಂತಿಲ್ಲ. ಮಳೆ ನಿಂತಿತ್ತು. ಗೇರ್‌ಬಾಕ್ಸು ಅಳಲಿಲ್ಲ. ಎರಡನೆಯ ಗೇರು ಬಿದ್ದದ್ದೇ ತಿಳಿಯಲಿಲ್ಲ. ಈಗ ಆಕಾಶದೆತ್ತರದ ಕಟ್ಟಡಗಳೆದ್ದಿರುವ ಮಗರಪಟ್ಟಾದಲ್ಲಿ ಆಗ ಎರಡೂ ಕಡೆ ಹಸಿರು ಹೊಲ, ಎತ್ತಿನ ಗಾಡಿಯವರು ನಮ್ಮ ಗಾಡಿ ನೋಡಿ ನಿಲ್ಲುತ್ತಿದ್ದರು. ಅತ್ತೆಯವರು ಕಿಟಕಿಯಿಂದ ಅವರಿಗೆ ಕೈ ಮುಗಿಯುತ್ತಿದ್ದರು.

ಘಾಟಿನ ಬುಡದಲ್ಲಿ ಒಂದು ಚಹದ ಅಂಗಡಿ. ಇಂಜಿನ್ ತಣಿಯಲಿ ಎಂದು ಯಜಮಾನರು ಅದರ ಮುಂದಿನ ಬಯಲಿನಲ್ಲಿ ಗಾಡಿ ನಿಲ್ಲಿಸಿದರು. ರೂಢಿಯಂತೆ ಸುತ್ತಲೂ ಒಂದು ಸುತ್ತು ಹಾಕಿದವರು ಹಿಂದಿನ ಎಡಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತರು. ಬಹಳ ಹೊತ್ತು ಏಳಲಿಲ್ಲ. ನಾನು ಇಳಿದು ಹೋದೆ. ಗಾಲಿಯ ಒಳಮೈಯಲ್ಲಿ ಎಣ್ಣೆಯ ಒಂದು ಹೊಸ ಗೆರೆ ಇಳಿದಿತ್ತು.

“ವಾಪಸ್ ಹೋಗ್ಬೇಕು,” ಎಂದರು, ನನಗಷ್ಟೇ ಕೇಳುವಂತೆ.

“ಯಾಕ್ರಿ?”

“ಡಿಫರೆನ್ಶಿಯಲ್ ಎಣ್ಣಿ ಅಚ್ಚಿನ ಕೊಳವಿ ಹಿಡಕೊಂಡು ಗಾಲಿಗೆ ಬರಾಕತ್ತದ. ಎಣ್ಣಿ ತಡಿಯೂ ಒಳಗಿನ ಸೀಲು ಹೋಗಿರಬೇಕು. ಎಣ್ಣಿ ಬ್ರೇಕಿಗೆ ಹತ್ತಿದ್ರ ಬ್ರೇಕ್ ಹಿಡಿಯೂದಿಲ್ಲ. ಹತ್ತೂದು ಹತ್ತೇವು, ಇಳಿಯೂವಾಗ ಏನ್ ಮಾಡೂದು? ಅವ್ವನ್ನ ಕೂಡಿಸ್ಕೊಂಡು?” ಹಣೆ ಒರೆಸಿಕೊಂಡರು, ಹಣೆಗೆ ಎಣ್ಣೆ ಹತ್ತಿತು. “ಅಳತಿ ಸರಿ ಇತ್ತು. ನಾನs ತೂತಿನಾಗ ನೋಡೀನಿ. ಸೀಲು ಹೋಗಿರಬೇಕು, ಬ್ಯಾರೆ ಏನೂ ಕಾರಣ ಇಲ್ಲ.”

ಬೇರೆ ಕಾರಣ ಅವರ ಮುಂದೆಯೇ ನಿಂತಿತ್ತು. ಸುಮ್ಮನಿದ್ದರೆ ತಪ್ಪು ಸೀಲಿನ ಮೇಲೆ ಹೋಗುತ್ತದೆ, ಮನೆಗೆ ಮರಳುತ್ತೇವೆ, ಯಾರೂ ನನ್ನನ್ನು ಏನೂ ಅನ್ನುವುದಿಲ್ಲ. ಹಿಂದಿನ ಕಿಟಕಿಯಿಂದ ಅತ್ತೆಯವರು ಘಾಟಿನ ತುದಿಯನ್ನೇ ನೋಡುತ್ತಿದ್ದರು. ಹಿಂದಿನ ದಿನ ಹಾದುಹೋದ ಜನರ ಪತಾಕೆಯ ಒಂದು ಕೇಸರಿ ಚೂರು ಮೇಲಿನ ತಿರುವಿನ ಜಾಲಿಗೆ ಸಿಕ್ಕಿ ಹಾರುತ್ತಿತ್ತು.

“ರೀ,” ಎಂದೆ. “ನೀವು ಕೈ ತೊಳೀಲಿಕ್ಕೆ ಹೋದಾಗ ನಾ ಉಳಿದ ಎಣ್ಣೀನೂ ಹಾಕೀನ್ರಿ.”

“ಎಲ್ಲೆ?”

“ಅದರಾಗs.”

“ಎಷ್ಟು?”

“ಎಲ್ಲಾ.”

ಅವರು ನನ್ನ ಮುಖ ನೋಡಿದರು. “ಯಾಕ?”

“ಕೊಸರು.”

“ಡಿಫರೆನ್ಶಿಯಲ್‌ಗೆ?”

“ದೇವ್ರ ಕೆಲಸಕ್ಕ ಹೊಂಟದ, ಕಡಿಮಿ ಯಾಕ ಮಾಡೂದಂತ…”

ಅವರು ಬಯ್ಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಗಾಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಉಫ್ ಎಂದು ಉಸಿರು ಬಿಟ್ಟರು. ಅವರ ಭುಜ ಸಡಿಲಾದದ್ದು ನನಗೆ ಕಾಣಿಸಿತು. ಸೀಲು ಹೋಗಿದ್ದರೆ ದಾರಿಯಲ್ಲಿ ಅದಕ್ಕೆ ಉಪಾಯವಿರಲಿಲ್ಲ. ಹೆಚ್ಚಾದ ಎಣ್ಣೆಗೆ ಇತ್ತು.

“ಏನಾತೋ ತಮ್ಮಾ?” ಎಂದು ಅತ್ತೆಯವರು ಒಳಗಿನಿಂದ ಕೂಗಿದರು.

“ಏನಿಲ್ಲವ್ವ. ನಿನ್ನ ಸೊಸಿ ಗಾಡಿಗೆ ಉಡಿ ತುಂಬ್ಯಾಳ.”

ಚಹದ ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. ಸಾಂಗಲಿಯ ಕಡೆಯವನಂತೆ, ಅವನಿಗೆ ಕನ್ನಡ ತಿಳಿಯುತ್ತದೆಂದು ನಮಗೆ ಆಗಲೇ ಗೊತ್ತಾದದ್ದು. ವಿಷಯವೆಲ್ಲ ಕೇಳಿದ ಮೇಲೆ ಅತ್ತೆಯವರು ನಗಲಿಲ್ಲ. “ಕೊಸರು ಹಾಕೂದು ನಾನs ಕಲಿಸೀನಿ ಆಕಿಗೆ. ಆಕಿಗೆ ಏನೂ ಅನಬ್ಯಾಡ,” ಎಂದರು.

ಮಟ್ಟಸವಾದ ನೆಲ ಸಿಕ್ಕಿತ್ತು, ಅದೂ ಒಂದು ಪುಣ್ಯ. ಯಜಮಾನರು ಕೆಳಗೆ ಹೊಕ್ಕು ಸಣ್ಣ ತೂತಿನ ಬಿರಡೆ ಬಿಚ್ಚಲು ಪಾನಾ ಹಚ್ಚಿದರು. “ಸೋರೂದಕ್ಕ ಏನರೆ ಕೊಡ್ರಿ. ಇಲ್ಲೆ ಕುಡಿಯೂ ನೀರಿನ ಬಾವಿ ಅದ, ನೆಲಕ್ಕ ಬಿಡಬಾರದು,” ಎಂದರು. ನಾನು ಸುತ್ತಲೂ ನೋಡಿದೆ. ಅಂಗಡಿಯವನ ಪಾತ್ರೆ ಕೇಳುವ ಹಾಗಿಲ್ಲ, ಅವನ ವ್ಯಾಪಾರ. ಉಂಡಿಯ ಡಬ್ಬಿ ತುಂಬಿದೆ. ಅಷ್ಟರಲ್ಲಿ ಕಿಟಕಿಯಿಂದ ಒಂದು ಕೈ ಹೊರಗೆ ಬಂತು, ಕೈಯಲ್ಲಿ ಮಡಿಯ ತಂಬಿಗೆ. ನೀರನ್ನು ಆಗಲೇ ಚೆಲ್ಲಿದ್ದರು.

“ಅತ್ತೀ, ಇದು ನಿಮ್ಮ…”

“ತಗೋ. ತೊಳದ್ರ ಹೋಗ್ತದ.”

ಹದಿನಾರು ವರ್ಷ ಆ ತಂಬಿಗೆಯನ್ನು ನಾನು ಸ್ನಾನವಾಗದೆ ಮುಟ್ಟಿರಲಿಲ್ಲ. ಅದನ್ನು ಗಾಡಿಯ ಹೊಟ್ಟೆಯ ಕೆಳಗೆ ಹಿಡಿದು ಕುಳಿತೆ. ಓಡಿ ಬಂದು ಬಿಸಿಯಾಗಿದ್ದ ಎಣ್ಣೆ ಚೆನ್ನಾಗಿಯೇ ಇಳಿಯಿತು. ಮೊದಲು ದಾರದಂತೆ, ಆಮೇಲೆ ಹನಿ, ಆಮೇಲೆ ಹನಿಗೂ ಹನಿಗೂ ನಡುವೆ ಒಂದು ಜಪ ಮುಗಿಸುವಷ್ಟು ಬಿಡುವು. ನಾನು ನಿಜವಾಗಿಯೂ ಜಪ ಮಾಡುತ್ತಿದ್ದೆ. ತಂಬಿಗೆ ಮುಕ್ಕಾಲು ತುಂಬಿತು.

“ಇನ್ನ ಸಾಕೇನ್ರಿ?” ಎಂದೆ.

“ಅದs ನಿಲ್ಲತದ. ಅದಕ್ಕ ಗೊತ್ತದ ತನಗ ಎಷ್ಟು ಬೇಕಂತ.”

ಆಮೇಲೆ ಎಡಗಾಲಿ ತೆಗೆದು, ಎರಡು ಸ್ಕ್ರೂ ಬಿಚ್ಚಿ ಬ್ರೇಕಿನ ಡ್ರಮ್ಮು ಎಳೆದರು. ಎಣ್ಣೆ ಒಂದು ಅಂಚಿಗಷ್ಟೇ ಹತ್ತಿತ್ತು, ಪಟ್ಟಿಗಳು ಪೂರಾ ತೊಯ್ದಿರಲಿಲ್ಲ. ನನ್ನ ಹಳೆಯ ಪಾತಳ ಸೀರೆಯ ತುಂಡನ್ನು ಪೆಟ್ರೋಲಿನಲ್ಲಿ ಅದ್ದಿ ನಾಲ್ಕು ಸಲ ಒರೆಸಿ, ಗಾಳಿಗೆ ಆರಲು ಬಿಟ್ಟರು. ಬಲಗಾಲಿಯನ್ನೂ ತೆಗೆದು ನೋಡಿದರು, ಅದು ಒಣಗಿಯೇ ಇತ್ತು. ಬಯಲಿನಲ್ಲಿಯೇ ಗಾಡಿಯನ್ನು ಮುಂದೆ ಹಿಂದೆ ಓಡಿಸಿ ಹತ್ತು ಸಲ ಬ್ರೇಕ್ ಒತ್ತಿ, ಮತ್ತೊಮ್ಮೆ ಬಗ್ಗಿ ನೋಡಿ, ತಲೆಯಾಡಿಸಿದಾಗ ಮಧ್ಯಾಹ್ನ ದಾಟಿತ್ತು. ಅಂಗಡಿಯವನು ಮೂವರಿಗೂ ಚಹ ಕೊಟ್ಟ. ಮನೆಯ ಹೊರಗೆ ಏನನ್ನೂ ಕುಡಿಯದ ಅತ್ತೆಯವರು ಕಪ್ಪನ್ನು ನೋಡಿ, ಘಾಟನ್ನು ನೋಡಿ, ಕುಡಿದುಬಿಟ್ಟರು. “ಶುಂಠಿ ಭಾಳ ಆತು,” ಎಂದರು.

ಘಾಟನ್ನು ಗಾಡಿ ಎರಡನೆಯ ಗೇರಿನಲ್ಲಿ ಹತ್ತಿತು. ಅಳಲಿಲ್ಲ, ನಿಲ್ಲಲಿಲ್ಲ.

ಸಾಸವಡದ ಬಯಲಿನ ತುಂಬ ಡೇರೆಗಳು, ಒಣಹಾಕಿದ ಸೀರೆಗಳು, ತಾಳದ ಸದ್ದು. ಅತ್ತೆಯವರನ್ನು ಎರಡೂ ಕಡೆ ಹಿಡಿದುಕೊಂಡು ಡೇರೆಯಿಂದ ಡೇರೆಗೆ ನಡೆದೆವು. ಐದಾರು ಕಡೆ ಕೇಳಿಯಾಯಿತು. ಅತ್ತೆಯವರ ಹೆಜ್ಜೆ ನಿಧಾನವಾಗುತ್ತ ಬಂದಿತ್ತು. ಅಷ್ಟರಲ್ಲಿ ಒಂದು ಡೇರೆಯ ಬಾಗಿಲಲ್ಲಿ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದ, ಹಲ್ಲಿಲ್ಲದ, ತೆಳ್ಳನೆಯ ಒಬ್ಬ ಮುದುಕಿ ತಲೆಯೆತ್ತಿದಳು. ಪಕ್ಕದಲ್ಲಿ ಹಿತ್ತಾಳೆಯ ತುಳಸಿ ಕಟ್ಟೆ. ನೆಲಕ್ಕೆ ಕೈಯೂರಿ ಎದ್ದು ನಿಂತಳು.

“ಇದ್ದೀಯೇನೆ?” ಎಂದಳು ಆಕೆ ಮರಾಠಿಯಲ್ಲಿ.

“ಅದೀನಿ, ಸತ್ತಿಲ್ಲ,” ಎಂದರು ಅತ್ತೆಯವರು ಕನ್ನಡದಲ್ಲಿ.

“ನಿನ್ನೆ ಘಾಟಿನಲ್ಲಿ ಹುಡುಕಿ ಹುಡುಕಿ ಕಣ್ಣು ಸೋತವು.”

“ಮೊಣಕಾಲು ಸತ್ತಾವು. ನಾ ಅಲ್ಲ.”

ಆಮೇಲೆ ಇಬ್ಬರೂ ಕುಳಿತುಕೊಂಡರು, ಕೈ ಕೈ ಹಿಡಿದುಕೊಂಡರು. ಉಂಡಿಯ ಡಬ್ಬಿ ತೆರೆಯಿತು. ಆಕೆ ಒಂದು ಉಂಡಿಯನ್ನು ಬಾಯಲ್ಲಿಟ್ಟುಕೊಂಡು ಕರಗಿಸುತ್ತ, ಸೆರಗಿನ ತುದಿಯ ಒಂದು ಗಂಟನ್ನು ಬಿಚ್ಚಿದಳು. ಒಳಗೆ ಒಂದು ಹಿಡಿ ಕರಿಎಳ್ಳು. ಈ ಸಲವೂ ಸಾಸವಡದಲ್ಲಿ ನೀನು ಸಿಗದಿದ್ದರೆ ಪಂಢರಪುರದಲ್ಲಿ ನಿನ್ನ ಹೆಸರು ಹೇಳಿ ನದಿಗೆ ಬಿಡೋಣವೆಂದು ಮನೆಯಿಂದಲೇ ಕಟ್ಟಿಕೊಂಡು ಬಂದೆ ಎಂದಳು, ಯಾವ ಸಂಕೋಚವೂ ಇಲ್ಲದೆ. ಬೆಳಿಗ್ಗೆ ಪಾಲಖಿ ಇಲ್ಲಿಂದ ಏಳುತ್ತದೆ, ನಿನಗಿದ್ದದ್ದು ಈ ಒಂದು ಸಂಜೆ ಎಂದೂ ಹೇಳಿದಳು.

ಯಜಮಾನರು ನನ್ನ ಕಡೆ ನೋಡಿದರು. ತಾಯಿಯ ಮಾತಿಗೆ ಅವರು ಅಂದು ನಕ್ಕದ್ದನ್ನು ನಾನು ನೆನಪಿಸಲಿಲ್ಲ.

ಅತ್ತೆಯವರು ಎಳ್ಳನ್ನು ನೋಡಿ ಕೈ ಚಾಚಿದರು. “ಕೊಡಿಲ್ಲೆ. ಚಲೋ ಎಳ್ಳು ಅವ. ಚಟ್ನಿಗೆ ಹಾಕ್ತೀನಿ.”

ಆ ಮಾತನ್ನು ನಾನು ಮರಾಠಿಗೆ ತಂದು ಹೇಳಿದೆ. ಆಕೆ ನಗತೊಡಗಿದಳು. ಉಂಡಿ ನೆತ್ತಿಗೇರಿ ಕೆಮ್ಮು ಬಂತು, ಅತ್ತೆಯವರು ಬೆನ್ನು ತಟ್ಟಿದರು, ಆಕೆ ಕೆಮ್ಮುತ್ತಲೇ ನಕ್ಕಳು. ಹೊರಡುವಾಗ ಅತ್ತೆಯವರು ಡಬ್ಬಿಯಲ್ಲಿ ಉಳಿದದ್ದರಲ್ಲಿ ಹನ್ನೊಂದು ಉಂಡಿಗಳನ್ನು ಎಣಿಸಿ ಆಕೆಯ ಉಡಿಗೆ ಹಾಕಿ, ತಮಗೆಂದು ಇಟ್ಟುಕೊಂಡಿದ್ದ ಒಂದನ್ನೂ ಅದರ ಮೇಲಿಟ್ಟರು.

ಬೆಳಕಿರುವಾಗಲೇ ಘಾಟು ಇಳಿದೆವು. ಎರಡನೆಯ ಗೇರು, ನಡುನಡುವೆ ಬ್ರೇಕು. ಪ್ರತಿ ತಿರುವಿನಲ್ಲಿ ಬ್ರೇಕು ಹಿಡಿದಾಗ ನಾನು ಮನಸ್ಸಿನಲ್ಲಿ ಒಂದು ನಮಸ್ಕಾರ ಹಾಕಿದೆ. ಎಷ್ಟು ತಿರುವು ಎಂದು ಈಗ ನೆನಪಿಲ್ಲ, ನಮಸ್ಕಾರ ಒಂದೂ ತಪ್ಪಿಸಲಿಲ್ಲ. ಅತ್ತೆಯವರು ಹಿಂದಿನ ಗಾದಿಯಲ್ಲಿ, ಸರಿಯಾಗಿ ಆ ಕುಂಕುಮದ ಮುಚ್ಚಳದ ಮೇಲೆ, ಬಾಯಿ ತೆರೆದು ನಿದ್ದೆ ಹೋಗಿದ್ದರು.

ತಂಬಿಗೆಯನ್ನು ಮರುದಿನ ಅವರೇ ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದರು. ವಾಸನೆ ಹೋಗಲು ಎಂಟು ದಿನ ಬೇಕಾಯಿತು. ಎಂಟು ದಿನವೂ ಅದರಲ್ಲೇ ನೀರು ಕುಡಿದರು, ಬೇರೆ ತಂಬಿಗೆ ಕೊಟ್ಟರೆ ಬೇಡ ಎಂದರು. ಅದರಲ್ಲಿ ಹಿಡಿದಿದ್ದ ಎಣ್ಣೆಯನ್ನು ಯಜಮಾನರು ಸೋಸಿ ಡಬ್ಬಿಗೆ ಹಾಕಿಟ್ಟರು, ಡಬ್ಬಿಯನ್ನು ನನ್ನ ಕೈಗೆ ಸಿಗದ ಅಟ್ಟದ ಮೇಲಿಟ್ಟರು.

ಎಳ್ಳನ್ನು ನಾನು ಹುರಿದೆ. ಒಣಮೆಣಸಿನಕಾಯಿ, ಜೀರಿಗೆ ಹಾಕಿ ಅತ್ತೆಯವರು ಕುಟ್ಟಿದರು. ಆ ದಿನ ಜೋಳದ ರೊಟ್ಟಿ. ಯಜಮಾನರ ತಾಟಿಗೆ ಒಂದು ಚಮಚ ಚಟ್ನಿಪುಡಿ ಬಡಿಸಿ, ಕೈ ತಾನಾಗಿ ಮತ್ತೊಂದು ಚಿಟಿಕೆಗೆ ಹೋಯಿತು. ಅರ್ಧಕ್ಕೇ ತಡೆದೆ.

ಅವರು ತಾಟನ್ನು ಮುಂದಕ್ಕೆ ಸರಿಸಿದರು.

“ಇಲ್ಲೆ ಹಾಕು,” ಎಂದರು. “ಇಲ್ಲೆ ನಡೀತದ.”